ಗೋಡೆಯ ಮೇಲಿನ ಕೊಳಲು

ಆ ಮನುಷ್ಯ ಚಹಾ ಕುಡಿಯುತ್ತಿರಲಿಲ್ಲ. ಸುಪಾದ್ಮಿಗೆ ಅನುಮಾನದ ಮೊಳಕೆ ಒಡೆದದ್ದೇ ಅಲ್ಲಿ.

ಸೋಲೊ ಊರಿನಲ್ಲಿ ಮನೆಗೆ ಬಂದವರು ಎರಡು ಸಲ ಬೇಡ ಅನ್ನಬಹುದು, ಮೂರನೇ ಸಲ ಹೇಳಿದ ಮೇಲೆ ಲೋಟ ಎತ್ತಲೇಬೇಕು. ಈ ಸಗಿಯೊ ಅನ್ನುವವನು ಆರು ಸಲ ಹೇಳಿದರೂ ಎದೆಯ ಮೇಲೆ ಕೈಯಿಟ್ಟು ತಲೆ ಬಾಗಿಸುತ್ತಿದ್ದ, ಅಷ್ಟೆ. ಮಲ್ಲಿಗೆ ಚಹಾ ತಣ್ಣಗಾಗಿ ಅದರಲ್ಲಿ ಇರುವೆಗಳು ಈಜುತ್ತಿದ್ದವು. ಉಂಡ ಮನೆಯ ಜಂತೆ ಎಣಿಸಬಾರದು ಅನ್ನುತ್ತಾರಲ್ಲ, ಇವನು ಜಂತೆ ಎಣಿಸಬೇಕೆಂದೇ ಉಣ್ಣದೆ ಕೂತಿದ್ದಾನೆ ಎಂದು ಅವಳು ತೀರ್ಮಾನಿಸಿದಳು.

ಪ್ರತಿ ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಗಂಡಹೆಂಡತಿ ಮುಂಬಾಗಿಲು ತೆರೆದು ಚಾಪೆ ಹಾಸುತ್ತಿದ್ದರು. ಯಾರು ಬೇಕಾದರೂ ಬರಬಹುದು, ಚಪ್ಪಲಿ ಹೊರಗೆ ಬಿಟ್ಟರೆ ಸಾಕು. ಕಾಲೇಜಿನ ಹುಡುಗಿಯರು, ಬಾತಿಕ್ ಅಂಗಡಿಯ ಕೆಲಸಗಾರರು, ದಾರಿ ತಪ್ಪಿದ ಪ್ರವಾಸಿಗಳು, ಮನೆಯಲ್ಲಿ ಹೆಂಡತಿಯ ಕಾಟ ತಡೆಯಲಾರದ ಒಬ್ಬ ನಿವೃತ್ತ ಪೋಸ್ಟ್‌ಮಾಸ್ತರು, ಹೀಗೆ ಹತ್ತು ಹನ್ನೆರಡು ಜನ ಸೇರುತ್ತಿದ್ದರು. ಗಂಡ ದರ್ಸೊನೊ ಗೆಂಡೇರ್ ನುಡಿಸುತ್ತಿದ್ದ. ಹುರಿಯ ಮೇಲೆ ತೂಗಿಬಿಟ್ಟ ಹದಿನಾಲ್ಕು ತೆಳು ಕಂಚಿನ ಪಟ್ಟಿಗಳು, ಎರಡು ಕೈಗೆ ಎರಡು ಗುಂಡುಕೋಲು. ಅದರ ಪಕ್ಕ ಏಳು ಅಗಲ ಪಟ್ಟಿಗಳ ಸ್ಲೆಂತೆಮ್, ಅದನ್ನು ಪೋಸ್ಟ್‌ಮಾಸ್ತರು ತಪ್ಪುತಪ್ಪಾಗಿ ಬಡಿಯುತ್ತಿದ್ದರು. ಮೂಲೆಯಲ್ಲಿ ಮಡಕೆಯ ಮೇಲೆ ಎರಡು ದಪ್ಪ ಪಟ್ಟಿ ಇಟ್ಟ ಪುಟ್ಟ ಗಾಂಗ್. ಸುಪಾದ್ಮಿ ಹಾಡುತ್ತಿದ್ದಳು. ನಡುನಡುವೆ ನಿಲ್ಲಿಸಿ, ಇದು ಯಾಕೆ ಹೀಗೆ, ಅದು ಯಾಕೆ ಹಾಗೆ ಎಂದು ಇಬ್ಬರೂ ಜಗಳವಾಡುತ್ತಾ ಬಂದವರಿಗೆ ವಿವರಿಸುತ್ತಿದ್ದರು. ಸಂಗೀತಕ್ಕಿಂತ ಆ ಜಗಳ ಕೇಳಲು ಬರುವವರೇ ಹೆಚ್ಚು ಎಂದು ಪೋಸ್ಟ್‌ಮಾಸ್ತರರ ಮತ.

ಅಷ್ಟೂ ವಾದ್ಯ ಸುಪಾದ್ಮಿಯ ಅಪ್ಪನದು. ಗಮೆಲಾನ್ ಅನ್ನುವ ಈ ಕಂಚಿನ ಮೇಳದಲ್ಲಿ ಒಂದು ಮನೆಯ ಶ್ರುತಿ ಇನ್ನೊಂದು ಮನೆಗೆ ಕೂಡುವುದಿಲ್ಲ. ಮಾಡಿಸಿದವರ ಕಿವಿ ಹೇಗೋ ಕಂಚೂ ಹಾಗೆ. ಅಪ್ಪ ಸತ್ತು ಇಪ್ಪತ್ತೊಂದು ವರ್ಷವಾದರೂ ಗೆಂಡೇರ್ ನುಡಿದರೆ ಅವಳಿಗೆ ಅಪ್ಪ ಹಿತ್ತಲಿಂದ ಕರೆದ ಹಾಗೆಯೇ ಕೇಳಿಸುತ್ತಿತ್ತು. ಪ್ರತಿ ಗುರುವಾರ ಸಂಜೆ ವಾದ್ಯಗಳ ಮುಂದೆ ಹೂವಿಡುವುದನ್ನು ಅವಳು ಒಂದು ವಾರವೂ ತಪ್ಪಿಸಿದವಳಲ್ಲ.

ಈಗ ಆ ಕಂಚಿನ ಪಕ್ಕದಲ್ಲೇ ಸಗಿಯೊ ಕೂರುತ್ತಿದ್ದ. ಹಾಡುವವಳ ಮುಖ ನೋಡುವುದಿಲ್ಲ, ತಾಳ ಹಾಕುವುದಿಲ್ಲ. ಕಣ್ಣು ಮುಚ್ಚಿ, ಅಂಗೈಯನ್ನು ನೆಲಕ್ಕೆ ಊರಿ ಕೇಳುತ್ತಿದ್ದ. ಅವಳ ದನಿ ಮೇಲಿನ ಸ್ವರಕ್ಕೆ ಏರಿದಾಗ ಮಾತ್ರ ಕಣ್ಣು ತೆರೆದು ದರ್ಸೊನೊನನ್ನು ನೋಡುತ್ತಿದ್ದ. ದರ್ಸೊನೊ ಗದ್ದವನ್ನು ಒಂದು ಕೂದಲೆಳೆಯಷ್ಟು ಆಡಿಸುತ್ತಿದ್ದ. ಕೂದಲೆಳೆಯಾದರೇನು, ಮೂವತ್ತೆಂಟು ವರ್ಷ ಸಂಸಾರ ಮಾಡಿದವಳ ಕಣ್ಣಿಗೆ ಬೀಳದೆ ಇರುತ್ತದೆಯೆ?

"ಅಲ್ಲ ಪಾಕ್ನೆ, ಆ ಮನುಷ್ಯ ಯಾರು?" ಎಂದು ಕೇಳಿದಳು. ಮಗಳು ಹುಟ್ಟಿದಂದಿನಿಂದ ಅವನು ಅವಳಿಗೆ ಪಾಕ್ನೆ, ಮಗುವಿನ ಅಪ್ಪ; ಅವಳು ಅವನಿಗೆ ಬುನೆ, ಮಗುವಿನ ಅಮ್ಮ. ಹೊರಗಿನವರಿಗೆ ಅವಳು ಬರೀ ಬು, ಅಮ್ಮ.

"ವೊನೊಗಿರಿ ಕಡೆಯವನು ಬುನೆ. ಸಂಗೀತ ಅಂದ್ರೆ ಪ್ರಾಣ."

"ಪ್ರಾಣ ಇರೋನು ತಲೆನಾದ್ರೂ ಆಡಿಸ್ತಾನೆ. ಇವನು ಹೆಣ ಕಾಯೋನ ಹಾಗೆ ಕೂತಿರ್ತಾನೆ. ಬೆರಳ ತುದಿ ನೋಡಿದ್ರಾ? ಕರ್ರಗೆ ಇದೆ."

"ಗದ್ದೆ ಕೆಲಸ ಇರುತ್ತೆ."

"ಗದ್ದೆ ಕೆಸರು ತೊಳೆದ್ರೆ ಹೋಗುತ್ತೆ."

ದರ್ಸೊನೊ ಗುಂಡುಕೋಲಿಗೆ ಸುತ್ತಿದ ಬಟ್ಟೆ ಬಿಗಿಮಾಡುತ್ತಾ ಸುಮ್ಮನಾದ. ಅವನು ಸುಮ್ಮನಾದರೆ ಏನೋ ಇದೆ ಎಂದೇ ಅರ್ಥ. ಸುಳ್ಳು ಹೇಳಲು ಬಾರದ ಗಂಡಸರು ಬಾಯಿ ಮುಚ್ಚುತ್ತಾರೆ, ಪಾಪ.

ಹಳೆಯ ಕಂಚಿಗೆ ಕಣ್ಣಿಟ್ಟವರು ಊರಲ್ಲಿ ಕಡಿಮೆಯಿರಲಿಲ್ಲ. ಹಿಂದಿನ ಬೀದಿಯ ಒಂದು ಮನೆಯಲ್ಲಿ ರಿಪೇರಿಗೆಂದು ಬಂದವನು ಮೂರು ಪಟ್ಟಿ ಬಿಚ್ಚಿಕೊಂಡು ಹೋಗಿ, ಹೊಸ ಕಂಚಿನ ಮೂರು ತಂದು ಕಟ್ಟಿದ್ದ. ಮನೆಯವರಿಗೆ ವರ್ಷದ ಮೇಲೆ ಗೊತ್ತಾಗಿತ್ತು. ಹಾಗಾಗಿ ಒಂದು ಸೋಮವಾರ ಸುಪಾದ್ಮಿ ಗೆಂಡೇರ್ ಒರೆಸುತ್ತಾ ಹುರಿಯ ಗಂಟನ್ನು ಬಗ್ಗಿ ನೋಡಿದಳು. ಅಪ್ಪ ಹುರಿಯ ತುದಿಯನ್ನು ಎಡಕ್ಕೆ ಮಡಚಿ ಒಳಗೆ ಸಿಕ್ಕಿಸುತ್ತಿದ್ದರು. ಇದು ಬಲಕ್ಕಿತ್ತು. ಚಾಪೆಯ ಹೆಣಿಗೆಯ ಸಂದಿಯಲ್ಲಿ ಬೆರಳಾಡಿಸಿದರೆ ಹಳದಿ ಪುಡಿ ಅಂಟಿತು. ಮೂಸಿ ನೋಡಿದಳು. ಕಂಚು.

ಯಾವಾಗ ಬಿಚ್ಚಿದರು? ಯೋಚಿಸಬೇಕಾದ್ದೇ ಇರಲಿಲ್ಲ. ಐದು ತಿಂಗಳಿಂದ ಪ್ರತಿ ಶನಿವಾರ ದರ್ಸೊನೊ ಅವಳನ್ನು ತಾನೇ ಸ್ಟೇಷನ್‌ವರೆಗೆ ಕರೆದೊಯ್ದು ಕ್ಲಾಟೆನ್ನಿನ ತಂಗಿಯ ಮನೆಗೆ ರೈಲು ಹತ್ತಿಸುತ್ತಿದ್ದ. "ಒಂದಿನ ಹಾಯಾಗಿದ್ದು ಬಾ" ಎನ್ನುತ್ತಿದ್ದ. ಮೂವತ್ತೆಂಟು ವರ್ಷದಲ್ಲಿ ಇಲ್ಲದ ಅಕ್ಕರೆ ಎಲ್ಲಿಂದ ಉಕ್ಕಿತು ಎಂದು ಆಗಲೇ ಕೇಳಬೇಕಿತ್ತು. ಈಗ ಅವಳಿಗೆ ಸಗಿಯೊನಿಗಿಂತ ಗಂಡನ ಮೇಲೆಯೇ ಹೆಚ್ಚು ಅನುಮಾನ ಹತ್ತಿತು. ಅಪ್ಪನ ಕಂಚನ್ನು ಒಂದೊಂದೇ ಪಟ್ಟಿ ಸಾಗಿಸುತ್ತಿದ್ದಾರಾ? ಬೇಲಿಯೇ ಎದ್ದು ಹೊಲ ಮೇಯುತ್ತಿದೆಯಾ?

ಇನ್ನೊಂದು ವಿಚಿತ್ರವೆಂದರೆ, ಇಷ್ಟು ಸಂಕಟದ ನಡುವೆಯೂ ಅವಳ ಹಾಡಿಗೆ ಒಳ್ಳೆಯ ಕಾಲ ಬಂದಿತ್ತು. ಎರಡು ವರ್ಷದ ಹಿಂದೆ, ಅಪ್ಪ ಕಲಿಸಿದ ಹಾಡಿನ ಮೇಲಿನ ಸ್ವರದಲ್ಲಿ ಅವಳ ದನಿ ಎಲ್ಲರೆದುರು ಒಡೆದಿತ್ತು. ಆಮೇಲೆ ಆ ಹಾಡಿನ ಸರದಿ ಬಂದಾಗಲೆಲ್ಲ ಒಲೆಯ ಮೇಲೆ ನೀರಿದೆ ಎಂದು ಅಡುಗೆಮನೆಗೆ ಎದ್ದುಹೋಗುತ್ತಿದ್ದಳು. ಒಲೆ ಆರಿರುತ್ತಿತ್ತು. ಈ ಕೆಲವು ತಿಂಗಳಲ್ಲಿ ಆ ಸ್ವರ ಮರಳಿ ಬಂದಿತ್ತು. ಎರಡನೇ ಸಲ ಹಾಡುವಾಗ ಗಂಟಲು ಕೊಂಚ ಉಜ್ಜುತ್ತಿತ್ತು, ಅದನ್ನು ಒಂದು ನಗೆಯಲ್ಲಿ ಮುಚ್ಚುತ್ತಿದ್ದಳು. ಬಂದವರು ಬೆರಗಾದರೆ, "ಅಕ್ಕಿ, ಕಚೋರ ಅರೆದು ದಿನಾ ಬೆಳಿಗ್ಗೆ ಒಂದು ಲೋಟ. ಅರವತ್ಮೂರು ವರ್ಷ ನಂಗೆ. ನೀವೂ ಕುಡೀರಿ" ಎಂದು ಬೀಗುತ್ತಿದ್ದಳು.

ಕಳ್ಳನನ್ನು ಹಿಡಿಯುವ ದಾರಿ ಅವಳಿಗೆ ಗೋಡೆಯ ಮೇಲೇ ಸಿಕ್ಕಿತು. ಅಲ್ಲಿ ಅಪ್ಪನ ಬಿದಿರಿನ ಕೊಳಲು ತೂಗುಬಿದ್ದಿತ್ತು. ಇದೇ ಗೆಂಡೇರ್ ಪಕ್ಕದಲ್ಲಿಟ್ಟುಕೊಂಡು, ಒಂದೊಂದು ಪಟ್ಟಿಗೂ ಸರಿಹೊಂದಿಸಿ ಅಪ್ಪ ತೂತು ಕೊರೆದ ಕೊಳಲು. ಯಾವ ಪಟ್ಟಿ ಬದಲಾಗಿದೆಯೋ ಅದು ಕೊಳಲಿಗೆ ಕೂಡುವುದಿಲ್ಲ. ಕಂಚನ್ನು ಬದಲಿಸಿದವರು ಬಿದಿರನ್ನು ಮರೆತಿದ್ದರು.

ಆ ಭಾನುವಾರ ಹನ್ನೊಂದು ಜನ ಬಂದಿದ್ದರು. ಸಗಿಯೊ ವಾದ್ಯಗಳನ್ನು ದಾಟದೆ ಗೋಡೆಗುಂಟ ಬಗ್ಗಿ ಬಂದು ಅದೇ ಜಾಗದಲ್ಲಿ ಕೂತ. ವಾದ್ಯವನ್ನು ಯಾರೂ ದಾಟಬಾರದು ಎನ್ನುವುದು ಅವನಿಗೂ ಗೊತ್ತು. ದೇವರ ನಗ ಕದಿಯುವವನೂ ಕೈಮುಗಿದೇ ಒಳಗೆ ಬರುತ್ತಾನೆ ಎಂದುಕೊಂಡಳು ಸುಪಾದ್ಮಿ. ಅಪ್ಪನ ಹಾಡು ಹಾಡಿದಳು, ಮೇಲಿನ ಸ್ವರ ಬಂತು, ಕಾಲೇಜಿನ ಹುಡುಗಿಯರು ಉಸಿರು ಬಿಟ್ಟರು. ಕಚೋರದ ಮಾತೂ ಆಯಿತು. ಆಮೇಲೆ ಎದ್ದು ಗೋಡೆಯಿಂದ ಕೊಳಲು ತೆಗೆದಳು.

ದರ್ಸೊನೊನ ಮುಖ ಸುಣ್ಣವಾಯಿತು.

"ಇವತ್ತು ನಿಮಗೆಲ್ಲ ಒಂದು ಆಟ ತೋರಿಸ್ತೀನಿ" ಎಂದಳು. "ಕಂಚು ಬೇಕಾದ್ರೆ ಸುಳ್ಳು ಹೇಳಬಹುದು. ಬಿದಿರು ಹೇಳಲ್ಲ. ರಿನೆಂಗ, ನೀನು ಊದ್ತೀಯಲ್ಲಮ್ಮ, ಬಾ ಇಲ್ಲಿ."

ರಿನೆಂಗ ಸಂಗೀತದ ಕಾಲೇಜಿನಲ್ಲಿ ಕೊಳಲು ಕಲಿಯುತ್ತಿದ್ದ ಹುಡುಗಿ. ಪ್ರಶ್ನೆ ಕೇಳುವುದರಲ್ಲಿ ಎತ್ತಿದ ಕೈ.

"ಬುನೆ, ಬೇಡ. ಹಳೇ ಕೊಳಲು, ಬಿರುಕು ಬಿಟ್ಟಿರುತ್ತೆ" ಎಂದ ದರ್ಸೊನೊ.

"ಬಿರುಕು ಎಲ್ಲಿ ಬಿಟ್ಟಿದೆ ಅಂತಾನೇ ನೋಡೋಣ. ನುಡಿಸಿ ಪಾಕ್ನೆ. ಒಂದೊಂದೇ ಪಟ್ಟಿ."

ಹುಡುಗಿ ಊದಿದಳು. ದರ್ಸೊನೊ ಮೊದಲ ಪಟ್ಟಿ ಮುಟ್ಟಿದ. ಎರಡು ದನಿಗಳೂ ಕೂಡದೆ ಕಚ್ಚಾಡಿದವು. ಪೋಸ್ಟ್‌ಮಾಸ್ತರರಿಗೂ ಕೇಳಿಸಿತು ಎಂದ ಮೇಲೆ ಹೇಳುವುದೇನು. ಸುಪಾದ್ಮಿ ಸಗಿಯೊನ ಕಡೆ ತಿರುಗಿ ಒಂದು ಎಂದು ಬೆರಳು ಮಡಚಿದಳು. ಎರಡನೆಯದೂ ಕೂಡಲಿಲ್ಲ. ಮೂರನೆಯದೂ ಇಲ್ಲ. ನಾಲ್ಕಕ್ಕೆ ಬರುವ ಹೊತ್ತಿಗೆ ಅವಳ ಬೆರಳು ಅಲ್ಲೇ ನಿಂತಿತು. ದರ್ಸೊನೊ ಹದಿನಾಲ್ಕನ್ನೂ ನುಡಿಸಿ ಮುಗಿಸಿದ.

"ಬು, ಇದು ಚೆನ್ನಾಗಿದೆಯಲ್ಲ" ಎಂದಳು ರಿನೆಂಗ ಕಣ್ಣರಳಿಸಿ. "ಒಂದೂ ಕೂಡ್ತಿಲ್ಲ, ಆದ್ರೆ ಎಲ್ಲಾನೂ ಅಷ್ಟಷ್ಟೇ ಕೆಳಗಿದೆ. ಯಾರೋ ಇಡೀ ಮನೇನೇ ಒಂದು ಮೆಟ್ಟಿಲು ಇಳಿಸಿದ ಹಾಗೆ."

ಕದ್ದವನು ಮೂರೋ ನಾಲ್ಕೋ ಪಟ್ಟಿ ಬದಲಿಸುತ್ತಾನೆ. ಇಷ್ಟನ್ನೂ ಒಂದೇ ಅಳತೆಗೆ ಇಳಿಸಬೇಕಾದರೆ ಪಟ್ಟಿಪಟ್ಟಿಯ ಹೊಟ್ಟೆಯನ್ನೂ ಅರದಿಂದ ಉಜ್ಜಬೇಕು, ಕೇಳಬೇಕು, ಮತ್ತೆ ಉಜ್ಜಬೇಕು. ಕಳ್ಳನಿಗೆ ಅಷ್ಟು ತಾಳ್ಮೆ ಎಲ್ಲಿಂದ ಬರಬೇಕು? ವಾರಕ್ಕೆ ಒಂದೊಂದು ಚೂರು ಇಳಿದರೆ, ಕಣ್ಣೆದುರೇ ಬೆಳೆವ ಮಗು ಬೆಳೆದದ್ದು ತಾಯಿಗೆ ಕಾಣದ ಹಾಗೆ, ಮನೆಯ ಕಿವಿಗೆ ಗೊತ್ತಾಗುವುದೂ ಇಲ್ಲ. ಯಾಕೆ ಇಳಿಸಿದರು ಎಂದು ಅವಳು ಕೇಳಬೇಕಾಗಲಿಲ್ಲ. ಮೇಲಿನ ಸ್ವರ ಅವಳ ಹತ್ತಿರಕ್ಕೆ ಬಂದಿತ್ತೇ ಹೊರತು ಅವಳು ಅದರ ಹತ್ತಿರಕ್ಕೆ ಏರಿರಲಿಲ್ಲ. ಕಚೋರವಂತೆ ಕಚೋರ. ಇಷ್ಟು ಜನರ ಮುಂದೆ ಎಷ್ಟು ಭಾನುವಾರ ಬೀಗಿದ್ದಳು! ನಾಚಿಕೆಯಿಂದ ಅವಳ ಕಿವಿಯ ಬುಡ ಬಿಸಿಯಾಯಿತು.

ಹನ್ನೊಂದು ಜನ ಅವಳನ್ನೇ ನೋಡುತ್ತಿದ್ದರು. ಸಗಿಯೊ ನೆಲ ನೋಡುತ್ತಿದ್ದ.

"ಬಿದಿರು ಒಣಗಿದೆ" ಎಂದಳು ಸುಪಾದ್ಮಿ. "ಒಣಗಿದ್ರೆ ದನಿ ಏರಿಬಿಡುತ್ತೆ. ಆಟ ಕೆಟ್ಟುಹೋಯ್ತು. ಕಡಲೆಕಾಯಿ ತಗೊಳ್ಳಿ ಎಲ್ಲರೂ."

ಬಿದಿರು ಸುಳ್ಳು ಹೇಳುವುದಿಲ್ಲ ಎಂದ ಬಾಯಿಂದಲೇ ಬಿದಿರಿನ ಮೇಲೆ ಸುಳ್ಳು ಹೊರಿಸಿದಳು. ರಿನೆಂಗ ಏನೋ ಕೇಳಲು ಬಾಯಿ ತೆರೆದವಳು ಅವಳ ಮುಖ ನೋಡಿ ಕಡಲೆಕಾಯಿಗೆ ಕೈಹಾಕಿದಳು.

ಎಲ್ಲರೂ ಹೋದರು. ಸಗಿಯೊ ಮಾತ್ರ ಏಳಲಿಲ್ಲ.

"ನೀನು" ಎಂದಳು ಅವಳು ಗಂಡನಿಗೆ. ಮದುವೆಯಾದ ಮೇಲೆ ಮೊದಲ ಸಲ ಅವನನ್ನು ಹಾಗಂದಿದ್ದಳು. "ನೀನು ನನ್ನ ಅಪ್ಪನ ದನಿ ಉಜ್ಜಿ ಹಾಕಿದ್ದೀಯ. ಅದು ಮತ್ತೆ ಬರಲ್ಲ, ಗೊತ್ತಾ?"

"ಗೊತ್ತು."

"ಗೊತ್ತಿದ್ದೂ?"

"ಆರಿದ ಒಲೆ ಮುಂದೆ ನೀನು ನಿಂತಿರೋದನ್ನ ಕಿಟಕಿಯಿಂದ ನೋಡ್ತಿದ್ದೆ ಬುನೆ. ಎರಡು ವರ್ಷ. ಮಾವನವರ ದನಿ ಹೋದ್ರೆ ನಿನಗೆ ದುಃಖ ಆಗುತ್ತೆ ಅಂತ ಗೊತ್ತಿತ್ತು. ನಿನ್ನ ದನಿ ಹೋದ್ರೆ ನನಗೆ ಏನು ಉಳಿಯುತ್ತೆ?"

"ನನ್ನನ್ನ ಕೇಳಬೇಕಿತ್ತು."

"ಕೇಳಿದ್ರೆ ಬೇಡ ಅಂತಿದ್ದೆ."

ಅದು ನಿಜವೇ ಆಗಿದ್ದರಿಂದ ಅವಳ ಸಿಟ್ಟು ಇನ್ನಷ್ಟು ಏರಿತು. ಸಗಿಯೊನ ಮೇಲೆ ತಿರುಗಿದಳು. "ನೀವು ಕಂಚುಗಾರರಾ?"

"ಹೌದು ಬು. ಗಾಂಗ್ ಕೆಲಸ ನಮ್ಮದು, ತಾತನ ಕಾಲದಿಂದ."

"ಚಹಾ ಯಾಕೆ ಕುಡೀತಿರಲಿಲ್ಲ?"

ಅವನು ಕರಿ ಬೆರಳುಗಳನ್ನು ಮಡಿಲಲ್ಲಿ ಮುಚ್ಚಿಟ್ಟುಕೊಂಡ. "ಶನಿವಾರ ನೀವಿಲ್ಲದಾಗ ಬಂದು ಮುಟ್ಟಿ, ಭಾನುವಾರ ನಿಮ್ಮ ಕೈಯಿಂದ ಚಹಾ ಈಸ್ಕೊಳ್ಳೋದು ಹೇಗೆ ಬು? ಇನ್ನು ಗಾಂಗ್ ಒಂದೇ ಉಳಿದಿರೋದು."

ಸುಪಾದ್ಮಿ ಕೊಳಲನ್ನು ಒರೆಸಿ ಗೋಡೆಗೆ ತೂಗುಹಾಕಿದಳು. ಆಮೇಲೆ, "ಬರೋ ಶನಿವಾರ ನಾನು ಕ್ಲಾಟೆನ್‌ಗೆ ಹೋಗಲ್ಲ. ನೀವು ಅರ ತಗೊಂಡು ಬನ್ನಿ" ಎಂದಳು.

ಆ ಒಂದು ವಾರ ಅವಳು ಗಂಡನೊಂದಿಗೆ ಅನ್ನಕ್ಕೆ, ನೀರಿಗೆ ಎಷ್ಟು ಬೇಕೋ ಅಷ್ಟೇ ಮಾತಾಡಿದಳು. ಗುರುವಾರ ಮಾತ್ರ ಎಂದಿನ ಹಾಗೆ ಹೂವಿಟ್ಟಳು.

ಶನಿವಾರ ಸಗಿಯೊ ಗಾಂಗಿನ ಪಟ್ಟಿಗೆ ಕೈಹಾಕಿದಾಗ ತಡೆದಳು. "ಅದನ್ನ ಮುಟ್ಟಬೇಡಿ. ಅದು ಹಾಗೇ ಇರಲಿ."

"ಉಳಿದದ್ದಕ್ಕೆ ಕೂಡಲ್ಲ ಬು."

"ಕೂಡದಿದ್ರೆ ಬೇಡ. ಈ ಮನೇಲಿ ಒಬ್ಬರಾದ್ರೂ ಅಪ್ಪನ ಮಾತು ಆಡಲಿ. ಗೆಂಡೇರ್ ಬಿಚ್ಚಿ, ಆ ಮೇಲಿನ ಪಟ್ಟಿ."

ದರ್ಸೊನೊ ತಲೆಯೆತ್ತಿದ. "ಅದು ಆಗಿದೆಯಲ್ಲ ಬುನೆ. ಅದನ್ನ ಮೊದಲೇ ಮುಗಿಸಿದ್ವಿ."

"ಎಲ್ಲಿ ಮುಗಿಸಿದ್ರಿ? ನನ್ನ ದನಿ ಎಲ್ಲಿದೆ ಅಂತ ನನ್ನ ಕೇಳಿ ಇಳಿಸಿದ್ರಾ?"

ಅವಳು ನೆಟ್ಟಗೆ ಕೂತು ಆ ಸ್ವರ ಹಾಡಿದಳು, ಎರಡು ಸಲ, ಗಂಟಲು ಉಜ್ಜುವುದನ್ನು ಮುಚ್ಚುವ ಆ ನಗೆ ಇಲ್ಲದೆ. ಸಗಿಯೊ ಕೇಳಿದ. ಪಟ್ಟಿಯನ್ನು ಮಗುಚಿ ನಡುವೆ ಅರ ಆಡಿಸಿದ, ಹುರಿಗೆ ಕಟ್ಟಿ ಮುಟ್ಟಿದ.

"ಸಾಕಾ ಬು?"

"ಇನ್ನೂ ಸ್ವಲ್ಪ."

ಮತ್ತೆ ಬಿಚ್ಚಿದ, ಉಜ್ಜಿದ, ಕಟ್ಟಿದ.

"ಸಾಕಾ?"

"ಇನ್ನೂ ಸ್ವಲ್ಪ."

ದರ್ಸೊನೊ ಗೋಡೆಯ ಕಡೆ ಮುಖ ತಿರುಗಿಸಿದ್ದ. ಇಷ್ಟು ಕೆಳಗೆ ಹೋಗಬೇಕು ಎಂದು ಅವನಿಗೆ ಮೊದಲೇ ಗೊತ್ತಿತ್ತು. ಮನಸ್ಸು ಬಾರದೆ ಅರ್ಧದಲ್ಲಿ ನಿಲ್ಲಿಸಿದ್ದ. ಐದನೇ ಸಲ ಕಟ್ಟಿದಾಗ ಸುಪಾದ್ಮಿ ಹಾಡಿದಳು. ದನಿ ಕಂಚಿನ ಮೇಲೆ ಹೋಗಿ ಕೂತಿತು, ಎಲ್ಲೂ ಉಜ್ಜಲಿಲ್ಲ. ಅವಳ ಕಣ್ಣಲ್ಲಿ ನೀರು ಬಂತು, ಅವಳು ಒರೆಸಿಕೊಳ್ಳಲಿಲ್ಲ.

"ಈಗ ಸಾಕು" ಎಂದಳು. "ಉಳಿದವನ್ನೂ ಇದಕ್ಕೇ ಕೂಡಿಸಿ. ಹುರಿ ಎಡಕ್ಕೆ ಮಡಚಿ ಕಟ್ಟಿ."

ಒಳಗೆ ಹೋಗಿ ಮೂರು ಲೋಟ ಚಹಾ ತಂದಿಟ್ಟಳು. ಸಗಿಯೊ ಎರಡು ಸಲ ಬೇಡವೆಂದು ಮೂರನೇ ಸಲಕ್ಕೆ ಎತ್ತಿಕೊಂಡ.

"ಪಾಕ್ನೆ, ನಾಳೆ ಬಂದೋರಿಗೆ ಕಚೋರ ಅಲ್ಲ ಅಂತ ನಾನೇ ಹೇಳ್ತೀನಿ" ಎಂದಳು ಗಂಡನಿಗೆ. "ಕೊಳಲನ್ನ ಆ ಹುಡುಗಿಗೆ ಕೊಡೋಣ. ಇನ್ನು ಈ ಮನೆಗೆ ಅದು ಕೂಡಲ್ಲ."

ದರ್ಸೊನೊ ತಲೆಯಾಡಿಸಿದ. ಚಹಾ ಬಿಸಿಯಾಗಿತ್ತು, ಮೂವರೂ ಊದಿ ಊದಿ ಕುಡಿದರು.