ಹಸಿರು ಗುಂಡಿಗೆ ಸಿಕ್ಕಿಸಿದ ಪೊರಕೆಕಡ್ಡಿ

ಬೇಸಿಗೆ ಬಂತೆಂದರೆ ಕಾನಹೊಸಹಳ್ಳಿಯ ಶಿವಯೋಗಪ್ಪನ ಹಿಟ್ಟಿನ ಗಿರಣಿಗೆ ಒಂದೇ ಕಾಟ. ಕರೆಂಟು ಕಣ್ಣು ಮಿಟುಕಿಸಿದಂತೆ ಹೋಗಿ ಬರುತ್ತಿತ್ತು. ಅಷ್ಟಕ್ಕೇ ಮೋಟರ್ ನಿಂತು, ಜೋಳ ತುಂಬಿದ ಬೀಸುಕಲ್ಲು ಸಿಕ್ಕಿಕೊಳ್ಳುತ್ತಿತ್ತು. ಅದನ್ನು ಬಿಚ್ಚಿ ಬಳಿಯುವ ಕೆಲಸ ಹೆಂಡತಿ ನಾಗಲಿಂಗಮ್ಮನದು. ಗುಂಡಿ ಒತ್ತುವ ಗತ್ತು ಮಾತ್ರ ಗಂಡನದು.

ಕೊನೆಗೆ ಶಿವಯೋಗಪ್ಪ ಒಂದು ಉಪಾಯ ಹೂಡಿದ. ಮೋಟರ್ ಚಾಲೂ ಮಾಡುವ ಸ್ಟಾರ್ಟರಿನ ಹಸಿರು ಗುಂಡಿ ಸದಾ ಒತ್ತಿಕೊಂಡೇ ಇರುವಂತೆ ಒಂದು ಪೊರಕೆಕಡ್ಡಿ ಸಿಕ್ಕಿಸಿದ. ಕರೆಂಟು ಬಂದ ಕೂಡಲೇ ಮೋಟರ್ ತಾನಾಗಿಯೇ ತಿರುಗಿತು.

"ನೋಡಿದ್ಯಾ? ಪಗಾರ ಇಲ್ಲದ ಆಳು!" ಎಂದು ಮೀಸೆ ತಿರುವಿದ.

ಒಂದು ಸಂತೆಯ ದಿನ ಕರೆಂಟು ಹೋದದ್ದು ಬೇಗ ಬರಲಿಲ್ಲ. ಜೋಳದ ಬುಟ್ಟಿ ಹಿಡಿದು ಮಾಳಮ್ಮ ಕಾಯುತ್ತಿದ್ದಳು. ಕಲ್ಲು ತಿರುಗಿಸುವ ಬೆಲ್ಟ್ ಜಾರಿದ್ದು ಕಂಡು ನಾಗಲಿಂಗಮ್ಮ ಸರಿಮಾಡಲು ಬಾಗಿದಳು. ಗಿರಣಿ ಸದ್ದಿಲ್ಲದೆ ನಿಂತಿತ್ತಲ್ಲ, ಕಡ್ಡಿಯ ನೆನಪು ಯಾರಿಗಿತ್ತು? ಅಷ್ಟರಲ್ಲಿ ಕರೆಂಟು ಬಂತು.

ಸೆರಗು ಬೆಲ್ಟಿಗೆ ಸಿಕ್ಕಿತು. ಮಾಳಮ್ಮ ಕಿರುಚಿದಳು. ಶಿವಯೋಗಪ್ಪ ಓಡಿಬಂದು ಮೇನ್ ಸ್ವಿಚ್ ಎಳೆದ. ಹಳೆಯ ಸೀರೆಯಾದ್ದರಿಂದ ಹರಿಯಿತು, ಕೈ ಉಳಿಯಿತು. ಬಳೆ ಚೂರಾಗಿ ಮಣಿಕಟ್ಟಿನಲ್ಲಿ ರಕ್ತ ಬಂದಿತ್ತು. ನಾಗಲಿಂಗಮ್ಮ ಗೋಡೆಗೊರಗಿ ಮಗುವಿನಂತೆ ಅತ್ತಳು. ಶಿವಯೋಗಪ್ಪ ಅವಳ ಮಣಿಕಟ್ಟಿಗೆ ಬಟ್ಟೆ ಸುತ್ತಿದ.

ಸುದ್ದಿ ಕೇಳಿ, ಮೋಟರ್ ರಿಪೇರಿ ಅಂಗಡಿಯ ಮಕ್ತುಂ ಸಾಬ್ ಬಂದರು. ಕಡ್ಡಿ ಕಿತ್ತು ಶಿವಯೋಗಪ್ಪನ ಮುಂದೆ ಹಿಡಿದರು.

"ಮೋಟರ್‌ಗೆ ಕಣ್ಣು ಐತೇನಪಾ? ಎದುರಿಗಿರೋದು ಕಾಳೋ ಕೈಯೋ, ಅದಕ್ಕೇನ್ ಗೊತ್ತು?"

"ಹಂಗಾರ ಕರೆಂಟ್ ಮಿಣುಕಿದಾಗೆಲ್ಲ ಕಲ್ಲು ಬಿಚ್ಚಬೇಕೇನ್ರಿ?"

"ಬ್ಯಾಡ. ಕರೆಂಟ್ ಹೋದ ಕೂಡಲೇ ಸ್ಟಾರ್ಟರ್ ಕಳಚದಂಗ ಹಿಡಿಯೋ ಸಣ್ಣ ಡಬ್ಬಿ ಬರ್ತೈತಿ, ಕೂಡಿಸ್ತೀನಿ. ಕಣ್ಣು ಮುಚ್ಚಿ ತೆಗಿಯೋದ್ರಾಗ ಕರೆಂಟ್ ಹೋಗಿ ಬಂದ್ರ, ತಿರುಗೋ ಕಲ್ಲು ನಿಲ್ಲೋದ್ರಾಗ ಮೋಟರ್ ಅದನ್ನ ಮತ್ತ ತಿರುಗಸ್ತೈತಿ. ಅದಕ್ಕಿಂತ ಹೆಚ್ಚಿಗಿ ಹೊತ್ತು ಹೋದ್ರ ಡಬ್ಬಿ ಸ್ಟಾರ್ಟರ್‌ನ ಪೂರಾ ಬಿಟ್ಟುಬಿಡ್ತೈತಿ, ಮೋಟರ್ ತಾನಾಗಿ ತಿರುಗಂಗಿಲ್ಲ. ಆಮ್ಯಾಲೆ ನೀನ ಗುಂಡಿ ಒತ್ತಬೇಕು."

"ಅವೆಲ್ಲ ದೊಡ್ಡ ಫ್ಯಾಕ್ಟರಿಗಿ ಬೇಕ್ರಿ. ನಮ್ದು ಹಳ್ಳಿ ಗಿರಣಿ."

ಗೋಡೆಗೊರಗಿದ್ದ ನಾಗಲಿಂಗಮ್ಮ ತಲೆ ಎತ್ತಿದಳು. "ಹಳ್ಳ್ಯಾಗಿನವ್ರ ಕೈ ಹೋದ್ರ ಮತ್ತ ಚಿಗೀತಾವೇನ್ರಿ?"

ಶಿವಯೋಗಪ್ಪ ಹೆಂಡತಿಯ ಮಣಿಕಟ್ಟಿನ ಗಾಯ ನೋಡಿದ. "ಕೂಡಿಸ್ರಿ ಸಾಬ್ರ," ಎಂದ, ಮೆಲ್ಲಗೆ.

ಮರುದಿನ ಡಬ್ಬಿ ಕೂಡಿಸಿ, ಎಲ್ಲರನ್ನೂ ದೂರ ನಿಲ್ಲಿಸಿ, ಗಿರಣಿ ಚಾಲೂ ಮಾಡಿ, ಸಾಬರು ಮೇನ್ ಆಫ್ ಮಾಡಿ ತಕ್ಷಣ ಆನ್ ಮಾಡಿದರು. ಕಲ್ಲು ಒಮ್ಮೆ ತಡವರಿಸಿ, ಮತ್ತೆ ಓಡಿತು. ಎರಡನೆಯ ಸಲ ಆಫ್ ಮಾಡಿ, ಕಲ್ಲು ಪೂರ್ತಿ ನಿಂತ ಮೇಲೆ ಆನ್ ಮಾಡಿದರು. ಮೋಟರ್ ಅಲುಗಲಿಲ್ಲ.

"ಇನ್ನೊಮ್ಮೆ ತೋರಿಸ್ರಿ ಅಣ್ಣಾರ," ಎಂದಳು ನಾಗಲಿಂಗಮ್ಮ. ತೋರಿಸಿದರು. ಆಗ ಅವಳ ಜೀವ ಹಗುರಾಯಿತು.

"ಒಂದು ಮಾತು ನೆನಪಿರ್ಲಿ ತಂಗಿ," ಎಂದರು ಸಾಬರು. "ಡಬ್ಬಿ ಐತಂತ ಹಂಗ ಬೆಲ್ಟಿಗಿ ಕೈ ಹಾಕಬ್ಯಾಡ. ಮೇನ್ ಆಫ್ ಮಾಡಿ, ಫ್ಯೂಸ್ ಕಿತ್ತು, ಬ್ಯಾರೆಯವ್ರು ಕರೆಂಟ್ ಕೊಡದಂಗ ನಿನ್ನ ಹತ್ರ ಇಟ್ಕ."

ಈಗ ಬೆಲ್ಟ್ ಜಾರಿದರೆ ಶಿವಯೋಗಪ್ಪ ಮೇನ್ ಆಫ್ ಮಾಡಿ, ಫ್ಯೂಸ್ ಕಿತ್ತು ಹೆಂಡತಿಯ ಕೈಗೆ ಕೊಡುತ್ತಾನೆ. ಅವಳು ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ ಮೇಲೆಯೇ ಬೆಲ್ಟ್ ಮುಟ್ಟುವುದು.

ಗಿರಣಿ ನಡೆಸುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಹಸಿರು ಗುಂಡಿಗೂ ಕಡ್ಡಿ ಸಿಕ್ಕಿಸಿದ್ದೀರಾ? ಇವತ್ತೇ ಮೇನ್ ಆಫ್ ಮಾಡಿ ಅದನ್ನು ಕಿತ್ತೆಸೆಯಿರಿ. ಬಲ್ಲ ಮೆಕ್ಯಾನಿಕ್‌ನನ್ನು ಕರೆಸಿ ಸ್ಟಾರ್ಟರ್ ಸರಿಮಾಡಿಸಿ. ಹೋದ ಕರೆಂಟು ಮತ್ತೆ ಬರುತ್ತದೆ, ಹೋದ ಕೈ ಬರುವುದಿಲ್ಲ.