ಎಡಗೈ ಚಾಕು

ಆ ಮನೆಯಲ್ಲಿ ಮಕ್ಕಳಿಗೆ ಒಂಬತ್ತು ತುಂಬಿದರೆ ಕೈಗೆ ಚಾಕು ಬರುತ್ತಿತ್ತು. ಬೇರೆಯವರ ಮನೆಯಲ್ಲಿ ಆ ವಯಸ್ಸಿನ ಮಕ್ಕಳ ಕೈಯಿಂದ ಚಾಕು ಕಿತ್ತುಕೊಳ್ಳುತ್ತಾರೆ, ಇವರು ಕರೆದು ಕೊಡುತ್ತಿದ್ದರು. ಕಸುಬು ಅಂಥದ್ದು. ಮೂರು ತಲೆಮಾರಿನಿಂದ ಹಣ್ಣಿನ ಗಿಡಗಳಿಗೆ ಕಸಿ ಕಟ್ಟಿ ಮಾರುವ ಮನೆ. ಮಗುವಿಗೆ ಒಂದು ಮಡಚುವ ಚಾಕು, ಹತ್ತು ಗಿಡ, ಹತ್ತು ಕುಡಿ. ಬುಡದ ಗಿಡವನ್ನು ಓರೆಯಾಗಿ ಕೊಯ್ದು, ಕುಡಿಯನ್ನೂ ಹಾಗೇ ಕೊಯ್ದು, ಎರಡನ್ನೂ ಕೂಡಿಸಿ ಪಟ್ಟಿ ಸುತ್ತಬೇಕು. ಇಪ್ಪತ್ತೊಂದನೆಯ ದಿನ ಪಟ್ಟಿ ಬಿಚ್ಚಿ, ಎಷ್ಟು ಹಿಡಿದಿವೆ ಎಂದು ಎಣಿಸಿ, ಮಗುವಿಗೆ ಕೈಗುಣ ಇದೆಯೋ ಇಲ್ಲವೋ ಎಂದು ಅಜ್ಜ ತೀರ್ಪು ಕೊಡುತ್ತಿದ್ದರು. ಅವರು ಹೇಳಿದ್ದೇ ಹೇಳಿದ್ದು, ಮೇಲ್ಮನವಿಗೆ ಜಾಗವಿರಲಿಲ್ಲ.

ಈ ಸಲ ಸರದಿ ಮೊಮ್ಮಗಳದ್ದು. ಅವಳನ್ನು ಎಲ್ಲರೂ ಮೆಣಸು ಎಂದೇ ಕರೆಯುತ್ತಿದ್ದರು. ಗಾತ್ರವೂ ಹಾಗೇ, ಬಾಯಿಯೂ ಹಾಗೇ. ಚಾಕು ತರುವುದು ಯಾವತ್ತೂ ಅಜ್ಜನದೇ ಕೆಲಸ. ಆದರೆ ಈ ವರ್ಷ ಅವರ ಮಂಡಿ ಮೆಟ್ಟಿಲಿಳಿಯಲು ಒಪ್ಪದ್ದರಿಂದ ಅದು ಅತ್ತೆಯ ಪಾಲಿಗೆ ಬಿತ್ತು. ಅತ್ತೆ ಎಂದರೆ ಮೆಣಸಿನ ಅಪ್ಪನ ಅಕ್ಕ. ವಯಸ್ಸು ಐವತ್ತೊಂದು. ಗಿಡಗಳಿಗೆ ಕಟ್ಟುವ ತಗಡಿನ ಬಿಲ್ಲೆಗಳ ಮೇಲೆ ತಳಿಯ ಹೆಸರು, ತಾರೀಕು ಬರೆಯುವುದು ಅವಳ ಕೆಲಸ.

"ಮರದ ಹಿಡಿ, ಒಂದೇ ಅಲಗು. ನನ್ನ ಚಾಕು ಇದೆಯಲ್ಲ, ಅಂಥದ್ದೇ," ಎಂದರು ಅಜ್ಜ. "ಅವಳು ಹಟ ಮಾಡಿದ್ಲು ಅಂತ ಬಣ್ಣಬಣ್ಣದ್ದು ಹೊತ್ಕೊಂಡು ಬಂದೀಯ ಮತ್ತೆ."

ಅತ್ತೆಗೆ ಈ ಕೆಲಸ ಬೇಡವಾಗಿತ್ತು. ಅವಳಿಗೂ ಒಂಬತ್ತು ತುಂಬಿದಾಗ ಅಪ್ಪ, ಅಂದರೆ ಈ ಅಜ್ಜನೇ, ಚಾಕು ತಂದುಕೊಟ್ಟಿದ್ದರು. ಅವಳು ಎಡಚಿ. ಎಡಗೈಯಲ್ಲಿ ಹಿಡಿದು ಕೊಯ್ದರೆ ಅಲಗು ಕಡ್ಡಿಯಿಂದ ಜಾರಿ ಹೊರಗೆ ಹೋಗುತ್ತಿತ್ತು, ಕೊಯ್ದ ಜಾಗ ಚಮಚದಂತೆ ಗುಳಿ ಬೀಳುತ್ತಿತ್ತು. "ಚಾಕು ಸರಿ ಇಲ್ಲಪ್ಪ" ಎಂದು ಒಮ್ಮೆ ಹೇಳಿಯೂ ನೋಡಿದಳು. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಎಂದು ಅಪ್ಪ ನಕ್ಕರು, ಕೆಲಸದವರೂ ನಕ್ಕರು. ಹತ್ತರಲ್ಲಿ ಹಿಡಿದದ್ದು ಎರಡು. ಮಾರನೆಯ ದಿನವೇ ಅವಳನ್ನು ಬಿಲ್ಲೆಗಳ ಕೋಣೆಗೆ ಕಳಿಸಿದರು. ನಲವತ್ತೆರಡು ವರ್ಷವಾಯಿತು. ತನ್ನ ಕೈಯೇ ಸರಿಯಿಲ್ಲ ಎನ್ನುವುದನ್ನು ಅವಳು ತನ್ನ ಎತ್ತರ, ಬಣ್ಣಗಳ ಹಾಗೆ ಒಪ್ಪಿಕೊಂಡುಬಿಟ್ಟಿದ್ದಳು. ಈಗ ಮೆಣಸೂ ಎಡಚಿ. ಇಪ್ಪತ್ತೊಂದನೆಯ ದಿನ ಈ ಮಗುವಿಗೂ ಅದೇ ಗತಿ ಎಂದು ಅತ್ತೆಗೆ ಭಯ.

ಚಾಕು, ಕತ್ತರಿ, ಬೀಗ ಮಾರುವ ಅಂಗಡಿ ಎದುರೆದುರು ಇಬ್ಬರು ಬಂದರೆ ಒಬ್ಬರು ಹಿಂದೆ ಸರಿಯಬೇಕಾದಷ್ಟು ಕಿರಿದು. ಗೋಡೆಯ ತುಂಬ ಸಣ್ಣ ಡ್ರಾಗಳು, ಒಂದೊಂದರ ಮುಖಕ್ಕೂ ಒಳಗಿರುವ ಸಾಮಾನಿನದೇ ಒಂದು ಮಾದರಿಯನ್ನು ತಂತಿಯಿಂದ ಕಟ್ಟಿದ್ದರು. ಅಂಗಡಿಯವನು ಕನ್ನಡಕವನ್ನು ಹಣೆಗೇರಿಸಿಕೊಂಡು ಅದನ್ನೇ ಹುಡುಕುತ್ತಿದ್ದ. ಮೆಣಸು ಹೇಳಿದ ಮೇಲೆ ಅದು ಸಿಕ್ಕಿತು.

ಅವಳ ಕಣ್ಣು ಆಗಲೇ ಗಾಜಿನ ಪೆಟ್ಟಿಗೆಯೊಳಗಿನ ಕೆಂಪು ಚಾಕುವಿನ ಮೇಲೆ ಬಿದ್ದಿತ್ತು. ಅದರಲ್ಲಿ ಕತ್ತರಿ, ಗರಗಸ, ತಿರುಪು ಬಿಚ್ಚುವುದು, ಹಲ್ಲುಕಡ್ಡಿ ಎಲ್ಲ ಇದ್ದವು.

"ಅತ್ತೆ, ಇದೇ."

"ಅದರಲ್ಲಿ ಹನ್ನೊಂದು ಕೆಲಸ ಆಗುತ್ತೆ ಪುಟ್ಟ," ಎಂದ ಅಂಗಡಿಯವನು, "ಒಂದೂ ನೆಟ್ಟಗಾಗಲ್ಲ. ನಿನಗೆ ಯಾತಕ್ಕೆ ಬೇಕು?"

"ಕಸಿ ಕಟ್ಟೋಕೆ."

ಅವನು ಕೆಂಪು ಚಾಕುವನ್ನು ಸುಮ್ಮನೆ ಒಳಗಿಟ್ಟ. ಒಂದು ಡ್ರಾ ಎಳೆದು ಮರದ ಹಿಡಿಯ ಮೂರನ್ನು ಬಟ್ಟೆಯ ಮೇಲೆ ಸಾಲಾಗಿ ಜೋಡಿಸಿದ. ಮೊದಲನೆಯದನ್ನು ಬಿಚ್ಚಲು ಹೋಗಿ ಮೆಣಸಿನ ಉಗುರು ಬಾಗಿತು. "ಸ್ಪ್ರಿಂಗ್ ಬಿಗಿ. ಬಿಚ್ಚೋಕೆ ಒದ್ದಾಡೋ ಚಾಕೇ ಕೈ ಕೊಯ್ಯೋದು," ಎಂದು ಅದನ್ನು ಬದಿಗಿಟ್ಟ. ಎರಡನೆಯದರ ಹಿಡಿ ಅವಳ ಅಂಗೈ ದಾಟಿ ಎರಡು ಬೆರಳು ಆಚೆ ನಿಂತಿತು. ಮೂರನೆಯದು ಸಲೀಸಾಗಿ ಬಿಚ್ಚಿ, ಟಕ್ಕೆಂದು ನಿಂತಿತು. ಅತ್ತೆ ಕೈಚೀಲಕ್ಕೆ ಎಡಗೈ ಹಾಕಿದಳು.

"ಸ್ವಲ್ಪ ತಡೀರಿ. ಯಾವ ಕೈ?" ಎಂದು ಅವನು ಹುಡುಗಿಯನ್ನು ಕೇಳಿದ.

ಮೆಣಸು ಎಡಗೈ ಎತ್ತಿದಳು.

"ಹಾಗಾದ್ರೆ ಇದ್ಯಾವುದೂ ಆಗಲ್ಲ."

ಸ್ಟೂಲು ಹತ್ತಿ, ಮೇಲಿನ ಸಾಲಿನ ಡ್ರಾದಿಂದ ಅಂಥದ್ದೇ ಇನ್ನೊಂದು ಚಾಕು ತೆಗೆದು ಧೂಳು ಒರೆಸಿದ. ಕಸಿ ಚಾಕುವಿಗೆ ಒಂದೇ ಮೈಯಲ್ಲಿ ಸಾಣೆ, ಇನ್ನೊಂದು ಮೈ ಚಪ್ಪಟೆ ಎಂದು ತೋರಿಸಿದ. ಚಪ್ಪಟೆ ಮೈ ಕಡ್ಡಿಗೆ ತಾಗಿ ಕೂತರೆ ಕೊಯ್ತ ನೇರ. ಬಲಗೈಯವರ ಚಾಕುವನ್ನು ಎಡಗೈಗೆ ತೆಗೆದುಕೊಂಡರೆ ಸಾಣೆಯ ಮೈ ಕಡ್ಡಿಗೆ ಬರುತ್ತದೆ, ಅಲಗು ಹೊರಗೆ ಜಾರುತ್ತದೆ. ಮೇಜಿನ ಕೆಳಗಿನಿಂದ ಒಂದು ಹಸಿ ಕಡ್ಡಿ ತೆಗೆದು ಹುಡುಗಿಯ ಕೈಗೆ ಕೊಟ್ಟ. ಅವಳು ಎರಡೂ ಚಾಕುವಿನಿಂದ ಒಂದೊಂದು ಸಲ ಕೊಯ್ದಳು. ಒಂದು ಕಡೆ ಗುಳಿ, ಇನ್ನೊಂದು ಕಡೆ ಹಾಳೆಯಂತೆ ಸಪಾಟು.

ಅತ್ತೆ ಆ ಗುಳಿಯನ್ನೇ ನೋಡುತ್ತ ನಿಂತಳು. ಬಹಳ ಹಳೆಯ ಪರಿಚಯ.

"ಇದು ಯಾವಾಗಿನಿಂದ ಬರ್ತಿದೆ?"

"ನಮ್ಮಪ್ಪನ ಕಾಲದಿಂದ್ಲೂ ಇದೇ ಡ್ರಾದಲ್ಲಿದೆ. ಕೇಳೋರು ಬೇಕಲ್ಲಮ್ಮ."

"ನಮ್ಮ ತಂದೆ ಚಾಕು ತಗೊಳ್ತಿದ್ದದ್ದು ಇಲ್ಲೇ."

"ಗೊತ್ತು ಗೊತ್ತು, ಯಜಮಾನರು. ಅವರು ಬಲಗೈಯವರು. ನಾವೂ ಬಲಗೈದೇ ಕೊಡ್ತಿದ್ವಿ."

ಅತ್ತೆ ಸ್ಟೂಲಿನ ಮೇಲೆ ಕುಳಿತಳು. ಯಾರ ಮೇಲೆ ಸಿಟ್ಟಾಗಬೇಕು ಎಂದು ಗೊತ್ತಾಗದ ಸಿಟ್ಟು ಬಂತು. ಅಂಗಡಿಯವನು ಅವಳ ಕೈಯನ್ನೂ ನೋಡಿ, "ನಿಮಗೂ ಒಂದು ಕೊಡಲಾ?" ಎಂದ. "ಬೇಡ ಬೇಡ," ಎಂದಳು, ಬಿಸಿ ಪಾತ್ರೆ ಮುಟ್ಟಿದವಳಂತೆ. ಇಷ್ಟು ವರ್ಷ ತಪ್ಪು ಕೈಯದು ಎಂದು ನಂಬಿ ಬದುಕಿಯಾಗಿತ್ತು. ಈಗ ಚಾಕುವಿನದು ಎನ್ನಿಸುತ್ತಿದೆ. ಸರಿಯಾದ ಚಾಕುವಿನಲ್ಲೂ ಕೈ ಸೋತರೆ ಆಮೇಲೆ ನಂಬಲು ಏನೂ ಉಳಿಯುವುದಿಲ್ಲ.

ಮನೆಯಲ್ಲಿ ಅಜ್ಜ ಚಾಕು ಬಿಚ್ಚಿ, ಹೆಬ್ಬೆರಳಿನಿಂದ ಅಲಗು ಸವರಿದರು. ಕಣ್ಣು ಮಂಜಾದರೂ ಬೆರಳಿಗೆ ಮಂಜು ಹತ್ತಿರಲಿಲ್ಲ.

"ಇದು ಉಲ್ಟಾ ಸಾಣೆ. ಯಾರೋ ಟೋಪಿ ಹಾಕಿದಾರೆ ನಿನಗೆ. ನಾಳೆ ವಾಪಸ್ ಕೊಟ್ಟು ಬಾ."

"ಕೊಡಲ್ಲ."

ಅಜ್ಜ ತಲೆಯೆತ್ತಿದರು. ಆ ಮಾತು ಅವರು ಮಗಳ ಬಾಯಲ್ಲಿ ಕೇಳಿದ್ದು ಕಡಿಮೆ.

"ಅದು ಎಡಗೈದು, ಅಪ್ಪ. ಅವಳು ಎಡಚಿ. ಬೇಕಾದ್ರೆ ನೀವೊಂದು ಸಲ ಕೊಯ್ದು ನೋಡಿ."

ಅರವತ್ತು ವರ್ಷ ಕಸಿ ಕಟ್ಟಿದ ಬಲಗೈ ಒಂದು ಕಡ್ಡಿ ಕೊಯ್ದಿತು. ಗುಳಿ ಬಿತ್ತು. ಇನ್ನೊಂದು ಕೊಯ್ದರು, ಅದಕ್ಕೂ ಗುಳಿ. ಮೂರನೆಯದಕ್ಕೆ ಕೈ ಹಾಕಲಿಲ್ಲ.

"ನಿನ್ನ ಕಾಲಕ್ಕೂ ಇದು ಸಿಗ್ತಿತ್ತಾ?"

ಇಲ್ಲ ಎಂದಿದ್ದರೆ ಮುದುಕನ ಮನಸ್ಸು ತಣ್ಣಗಿರುತ್ತಿತ್ತು. ಅತ್ತೆಗೆ ಅದು ಗೊತ್ತಿತ್ತು.

"ಸಿಗ್ತಿತ್ತು," ಎಂದಳು.

ಅಜ್ಜ ಚಾಕು ಮಡಚಿ ಮೊಮ್ಮಗಳ ಕೈಗಿಟ್ಟರು.

"ಹಾಗಾದ್ರೆ ಅತ್ತೆನೂ ಹತ್ತು ಕಟ್ಲಿ. ಒಂದೇ ಚಾಕು ಇಬ್ರಿಗೂ ಸಾಕು," ಎಂದಳು ಮೆಣಸು.

"ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?" ಅಜ್ಜ ನಿಟ್ಟುಸಿರಿಟ್ಟರು.

ಅವರು ಹೇಳಿದ್ದು ಮರುಕದಿಂದಲೇ. ಆದರೆ ಅಂಗಡಿಯಲ್ಲಿ ಬೇಡ ಬೇಡ ಎಂದವಳಿಗೆ ಆ ಮಾತು ಸರಿಯಾಗಿ ನಾಟಿತು. "ಇಪ್ಪತ್ತು ಗಿಡ ತಗೊಂಡು ಬಾರೇ," ಎಂದು ಮೆಣಸನ್ನು ಓಡಿಸಿದಳು. ಮರುದಿನ ಬೆಳಿಗ್ಗೆ ಇಬ್ಬರೂ ಬೆಂಚಿನ ಮೇಲೆ ಅಕ್ಕಪಕ್ಕ ಕುಳಿತು ಕಟ್ಟಿದರು. ಹೇಗೆ ಕಟ್ಟಬೇಕೆಂದು ಅತ್ತೆಯ ಕಣ್ಣಿಗೆ ಚೆನ್ನಾಗಿ ಗೊತ್ತಿತ್ತು, ನಲವತ್ತೆರಡು ವರ್ಷ ನೋಡಿದ್ದಳು. ಕೈಗೆ ಮಾತ್ರ ಯಾರೂ ಹೇಳಿರಲಿಲ್ಲ. ಪಟ್ಟಿ ಸುತ್ತುವಾಗ ಬಿಗಿ ತಪ್ಪಿ ಕುಡಿ ಸರಿಯುತ್ತಿತ್ತು. ಹುಡುಗಿ ಅಂಗೈ ಗೀರಿಕೊಂಡು, ಅತ್ತು, ಮತ್ತೆ ಕೂತಳು.

ಆ ಇಪ್ಪತ್ತೊಂದು ದಿನ ಅತ್ತೆ ಬಿಲ್ಲೆಗಳಲ್ಲಿ ತಾರೀಕು ತಪ್ಪು ಬರೆದಳು. ಗಿಡಗಳ ಕಡೆ ಹೋಗಬಾರದೆಂದುಕೊಂಡು ದಿನಕ್ಕೆ ನಾಲ್ಕು ಸಲ ಹೋದಳು.

ಪಟ್ಟಿ ಬಿಚ್ಚುವ ದಿನ ಅಜ್ಜನನ್ನು ಕುರ್ಚಿ ಸಮೇತ ಎತ್ತಿ ತಂದು ಬೆಂಚಿನ ಪಕ್ಕ ಕೂರಿಸಿದರು. ಮೆಣಸಿನ ಹತ್ತರಲ್ಲಿ ಏಳು ಚಿಗುರಿದ್ದವು. ಅಜ್ಜ ಅವಳ ತಲೆ ಮುಟ್ಟಿ, "ಕೈಗುಣ ಇದೆ" ಎಂದರು. ಅತ್ತೆಯ ಕಣ್ಣು ತುಂಬಿ ಬಂತು. ಮಗುವಿನ ಪಾಲಿನ ಭಯವೊಂದು ಕಳೆಯಿತು.

ಆಮೇಲೆ ಅವಳವು. ಮೊದಲನೆಯದು ಒಣಗಿತ್ತು. ಎರಡನೆಯದು, ಮೂರನೆಯದು ಒಣಗಿದ್ದವು. ಕೊನೆಗೆ ಎಣಿಸಿದರೆ ಎರಡು. ಆಗಲೂ ಎರಡು, ಈಗಲೂ ಎರಡು. ಅತ್ತೆ ಪಟ್ಟಿಗಳನ್ನು ಒಂದೊಂದಾಗಿ ಸುರುಳಿ ಸುತ್ತಿ ಡಬ್ಬಿಗೆ ಹಾಕತೊಡಗಿದಳು. ಹಾಗಾದರೆ ತಪ್ಪು ಚಾಕುವಿನದಲ್ಲ, ಕೈಯದೇ.

ಅಜ್ಜನಿಗೆ ನೋಡಲಾಗಲಿಲ್ಲ. ಎಂದೂ ಸಮಾಧಾನ ಹೇಳದವರು ಸಮಾಧಾನ ಹೇಳಲು ಹೋದರು.

"ಎರಡು ಕಮ್ಮಿ ಏನಲ್ಲಮ್ಮ. ನನ್ನ ಮೊದಲ ಹತ್ತರಲ್ಲಿ ಒಂದೂ ಹಿಡೀಲಿಲ್ಲ."

ಅತ್ತೆಯ ಕೈ ನಿಂತಿತು.

"ಒಂದೂ?"

"ಒಂದೂ ಇಲ್ಲ. ಎರಡನೇ ಸಲಾನೂ ಇಲ್ಲ. ನಮ್ಮಪ್ಪ ಬಿಡ್ಲಿಲ್ಲ, ಕಟ್ಟು ಕಟ್ಟು ಅಂದ್ರು. ಐದನೇ ಸಲಕ್ಕೆ ನಾಲ್ಕು ಹಿಡಿದ್ವು."

"ಮತ್ತೆ ನನಗ್ಯಾಕೆ ಒಂದೇ ಸಲ, ಅಪ್ಪ?"

ಅಜ್ಜ ಮಂಡಿ ನೀವಿಕೊಂಡರು. ಸುಳ್ಳು ಹೇಳುವ ಅಭ್ಯಾಸ ಅವರಿಗೆ ಇರಲಿಲ್ಲ, ಈ ವಯಸ್ಸಿನಲ್ಲಿ ಕಲಿಯುವ ಮನಸ್ಸೂ ಬರಲಿಲ್ಲ.

"ಬಿಲ್ಲೆ ಬರೆಯೋಕೆ ಒಬ್ರು ಬೇಕಾಗಿತ್ತು," ಎಂದರು. "ನಿನ್ನ ಅಕ್ಷರ ಚೆನ್ನಾಗಿತ್ತು."

ಅಂದರೆ ಅವತ್ತು ಯಾರೂ ಅವಳ ಕೈಯನ್ನೂ ನೋಡಿರಲಿಲ್ಲ, ಚಾಕುವನ್ನೂ ನೋಡಿರಲಿಲ್ಲ. ಹತ್ತಕ್ಕೆ ಎಂಟು ಹಿಡಿದಿದ್ದರೂ ಇನ್ನೊಂದು ನೆವ ಸಿಗುತ್ತಿತ್ತೇನೋ. ಅತ್ತೆ ಅಪ್ಪನ ಕಡೆ ತಿರುಗಿದಳು. ಕೂಗಾಡಬೇಕೆನ್ನಿಸಿತು. ಎಂಬತ್ತಮೂರು ವರ್ಷದ ಮುಖ ಅದನ್ನು ತಡೆದುಕೊಳ್ಳುವಂತೆ ಕಾಣಲಿಲ್ಲ.

"ಅತ್ತೆ, ಇನ್ನೊಂದು ಹತ್ತು ಗಿಡ ತರಲಾ?" ಮೆಣಸು ಮೆಲ್ಲಗೆ ಕೇಳಿದಳು.

"ನಲವತ್ತು ತಾ," ಎಂದಳು ಅತ್ತೆ, ಚಾಕು ಬಿಚ್ಚುತ್ತ.