ಒಂದು ಮೇಜು, ಎರಡು ಮುನಿಸು

ಎಸ್ತೆಲಿ ಪಟ್ಟಣದ ಒಂದು ಚುಟ್ಟಾ ಕಾರ್ಖಾನೆಯಲ್ಲಿ ಮೇಜಿಗೆ ಇಬ್ಬರು. ನಾರ್ಸಿಸೊ ಒಳಗಿನ ಎಲೆ ಕಟ್ಟಿಕೊಟ್ಟರೆ, ಎರ್ಮೆಲಿಂಡಾ ಅದಕ್ಕೆ ಮೇಲೆಲೆ ಸುತ್ತುತ್ತಿದ್ದಳು. ಇವರ ಮೇಜಿನಿಂದ ಬಂದಷ್ಟು ಚುಟ್ಟಾ ಬೇರೆ ಯಾವ ಮೇಜಿನಿಂದಲೂ ಬರುತ್ತಿರಲಿಲ್ಲ.

ಎರ್ಮೆಲಿಂಡಾಳ ತಾಯಿ ತೀರಿಕೊಂಡ ವಾರ ಇಬ್ಬರೂ ಮಾತು ಬಿಟ್ಟರು. ಹಿಂದೆಲ್ಲ ಕಟ್ಟು ಸಡಿಲವಾದರೆ ಅವಳು ಅಲ್ಲೇ ಗದರುತ್ತಿದ್ದಳು, ಅವನು ಅಲ್ಲೇ ತಿದ್ದುತ್ತಿದ್ದ. ಈಗ ಸುಮ್ಮನೆ ಪಕ್ಕಕ್ಕಿಡುತ್ತಿದ್ದಳು. ಸಂಜೆಗೆ ಪಕ್ಕಕ್ಕಿಟ್ಟ ರಾಶಿಯೇ ದೊಡ್ಡದಾಗಿರುತ್ತಿತ್ತು. ಅಕ್ಕಪಕ್ಕದ ಮೇಜಿನವರು ಯಾರ ಕಡೆ ನಿಲ್ಲಬೇಕೆಂದು ಪಿಸುಗುಡುತ್ತಾ ತಮ್ಮ ಕೈಯನ್ನೂ ನಿಧಾನ ಮಾಡಿಕೊಂಡರು.

“ಬೇರೆ ಬೇರೆ ಕೂರಿಸಿ,” ಎಂದರು ಮ್ಯಾನೇಜರ್ ದೋನ್ ಎವಾರಿಸ್ತೊ.

ಮೇಲ್ವಿಚಾರಕಿ ಎಲೂದಿನಾ ಕೂರಿಸಿದಳು. ಮೊದಲು ಒಂದು ಮೇಜು ಕೆಟ್ಟಿತ್ತು, ಈಗ ಎರಡು ಕೆಟ್ಟವು.

ಮರುದಿನ ಊಟದ ಹೊತ್ತಿಗೆ ಅವಳು ಇಬ್ಬರನ್ನೂ ಎಲೆ ಕೋಣೆಗೆ ಕರೆದಳು. ಬುದ್ಧಿಮಾತನ್ನು ಬೆಳಿಗ್ಗೆಯಿಂದ ಬಾಯಿಪಾಠ ಮಾಡಿಕೊಂಡಿದ್ದಳು. ಬಾಯಿ ತೆರೆಯುವಷ್ಟರಲ್ಲಿ ಎರ್ಮೆಲಿಂಡಾ ಶುರುಮಾಡಿದಳು.

“ಇವನಿಗೆ ಅನ್ನ ಹಾಕಿದ ಕೈ ನಮ್ಮಮ್ಮಂದು. ಹೆಣದ ಹತ್ರ ಒಂದು ಗಳಿಗೆ ಕೂರೋಕೆ ಇವನಿಗೆ ಪುರುಸೊತ್ತಿರ್ಲಿಲ್ಲ.”

“ಬಂದಿದ್ದೆ, ಅಕ್ಕಾ,” ಎಂದ ನಾರ್ಸಿಸೊ, ನೆಲ ನೋಡುತ್ತಾ. “ಬೀದಿ ತುದೀಲಿ ನಿಂತಿದ್ದೆ. ಒಳಗೆ ಬರೋಕೆ ಕಾಲೇ ಏಳಲಿಲ್ಲ.”

“ಎಷ್ಟೊತ್ತು ನಿಂತಿದ್ದೆ?”

“ನೀವು ಎಲ್ರಿಗೂ ಕಾಫಿ ಕೊಡೋವರೆಗೂ.”

“ಒಂದು ಲೋಟ ಕುಡಿದು ಹೋಗೋಕೆ ಏನಾಗಿತ್ತು ನಿಂಗೆ?”

“ಕುಡಿಯೋ ಆಸೆ ಇತ್ತು.”

ಎರ್ಮೆಲಿಂಡಾ ಏಪ್ರನ್ನಿನ ಅಂಚಿನಲ್ಲೇ ಕಣ್ಣೊರೆಸಿಕೊಂಡಳು. “ಅಮ್ಮನ ಒಂಬತ್ತು ದಿನದ ಪ್ರಾರ್ಥನೇಲಿ ಶುಕ್ರವಾರ ಕಡೇದು. ಒಳಗೇ ಬಂದು ಕೂತ್ಕೋ. ಬೀದೀಲಿ ನಿಂತ್ರೆ ನಾಯಿ ಬಿಡ್ತೀನಿ.”

ಎಲೂದಿನಾ ಬುದ್ಧಿಮಾತನ್ನು ನುಂಗಿಕೊಂಡು, ಬಾಗಿಲು ಎಳೆದು, ಯಾರೂ ಒಳಗೆ ಬಾರದಂತೆ ಹೊರಗೆ ನಿಂತಳು. ಅವಳ ಊಟದ ಹೊತ್ತು ಹಾಗೇ ಮುಗಿಯಿತು.

ಮಧ್ಯಾಹ್ನ ಇಬ್ಬರೂ ಹಳೆಯ ಮೇಜಿಗೆ ಮರಳಿದರು. “ಇದೇನು ಕಟ್ಟಿದ್ದೀಯೋ, ಚುಟ್ಟಾನೋ ತಲೆದಿಂಬೋ?” ಎಂದು ಎರ್ಮೆಲಿಂಡಾ ಗದರಿದ್ದು ಇಡೀ ಕಾರ್ಖಾನೆಗೆ ಕೇಳಿಸಿತು. ಪಿಸುಗುಡುತ್ತಿದ್ದವರು ತಮ್ಮ ಎಲೆಗಳತ್ತ ತಿರುಗಿದರು. ವಾರದೊಳಗೆ ಕೆಲಸ ಮೊದಲಿನ ಮಟ್ಟಕ್ಕೆ ಬಂತು.

“ನೋಡಿದ್ರಾ,” ಎಂದರು ದೋನ್ ಎವಾರಿಸ್ತೊ, “ಬೇರೆ ಮಾಡಿದ್ದೇ ಮದ್ದಾಯ್ತು.”

“ಆಯ್ತು, ದೋನ್ ಎವಾರಿಸ್ತೊ,” ಎಂದಳು ಎಲೂದಿನಾ. ಅವರೊಂದಿಗೂ ಜಗಳ ಹೂಡಿದರೆ ಅಂದಿನ ಕೆಲಸ ಕೆಡುತ್ತಿತ್ತು.